ಸೆಣಬು ನೆನೆಸಿದ ಮಡು

೧೪ ನವೆಂಬರ್ ೧೯೪೩, ರವಿವಾರ

ಹಳ್ಳಕ್ಕೆ ಹೋಗಿ ಸೆಣಬಿನ ಕಟ್ಟು ತಿರುವಿ ಹಾಕಿ ಬಂದೆ. ನಾರು ಬಿಡುತ್ತಿದೆ. ರೇಷ್ಮೆಯಂತೆ! ಮಿಲಿಟರಿಗೆ ಹಗ್ಗ ಬೇಕಂತೆ. ಇಂಥ ನಾರು ಇಲ್ಲಿಂದ ಮುಗದದವರೆಗೆ ಯಾರ ಹತ್ತಿರವೂ ಇಲ್ಲ. ದಂಡೆಯ ಹೊಂಗೆ, ನೇರಳೆ ಕಡಿಸಿ ನೀರಿನ ಅಂಚಿನವರೆಗೆ ಬಿತ್ತಿದ್ದು ನನ್ನದೇ ತಲೆ. ನೆನೆಹಾಕಿದ್ದು ದೇವರ ಮಡುವಿನಲ್ಲಿ. ಅಲ್ಲಿ ನೀರು ನಿಲ್ಲುತ್ತದೆ, ಬೇಗ ಕೊಳೆಯುತ್ತದೆ.

ಅಣ್ಣನ ಹೆಂಡತಿ ತಾರಾಬಾಯಿ ವೈನಿ ಮೂಗು ಮುಚ್ಚಿಕೊಂಡೇ ಬೈದರು. "ಬಾಳಪ್ಪಾ, ಆ ನಾತಾ ಹಚಗೊಂಡು ಒಳಗ ಬರಬ್ಯಾಡ್ರಿ!"

"ವೈನಿ, ಇದು ಮಿಲಿಟರಿ ಅತ್ತರರೀ!"

೧೮ ನವೆಂಬರ್

ಮಡು ಕಪ್ಪಗಾಗಿದೆ. ಎರಡು ದೇವರ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಸಿಲಿಗೆ ಇರಬೇಕು. ಕೋಲಿನಿಂದ ಕೆಸರಿಗೆ ಒತ್ತಿದೆ. ಯಾರೂ ನೋಡಲಿಲ್ಲ.

೨೧ ನವೆಂಬರ್

ಮಡುವಿನಲ್ಲಿ ಮೀನು ಒಂದೂ ಇಲ್ಲ. ಕಟ್ಟುಗಳನ್ನು ಮೇಲೆ ಎಳೆಸಿದೆ. ನೀರು ಇನ್ನೂ ಕರೀ ಚಹಾದಂತೆ.

ಬುಧವಾರ ಸುಲಭಾಳ ಅರಿಷಿಣ—ತೀರಿಕೊಂಡ ಅಣ್ಣನ ಒಬ್ಬಳೇ ಮಗಳು. ನಮ್ಮ ಮನೆತನದ ಪದ್ಧತಿ: ಅರಿಷಿಣಕ್ಕೆ ಮೊದಲು ಮದುಮಗಳು ಬೀಗರೆದುರು ಮಡುವಿಗೆ ಚುರುಮುರಿ ಚೆಲ್ಲಬೇಕು. ಮೀನು ಬಂದು ತಿಂದರೆ ಗಂಗವ್ವ ಒಪ್ಪಿದಳು ಅಂತ. ಬಾರದಿದ್ದರೆ? ಈವರೆಗೆ ಬಾರದ್ದೇ ಇಲ್ಲ. ಇದನ್ನು ಬೀಗರಿಗೆ ಬಣ್ಣ ಹಚ್ಚಿ ಹೇಳಿದವನೂ ನಾನೇ.



೨೩ ನವೆಂಬರ್

ಬಲೆ ಬೀಸುವ ಮಕಬೂಲಸಾಬನ ಕೈಯಿಂದ ಮುಗದದ ಕೆರೆಯ ಮೀನು ಕೊಡದಲ್ಲಿ ತರಿಸಿದೆ. ಮೇಲೆ ಬಾಳೆ ಎಲೆ. ಎದುರಾದವರಿಗೆಲ್ಲ "ಲಗ್ನದ ತುಪ್ಪ" ಅಂದೆ. ಮಕಬೂಲ ನಗುತ್ತಲೇ ಬಂದವನು ಮಡು ನೋಡಿ ಕೊಡ ಕೆಳಗಿಟ್ಟ.

"ಕಾಕಾ, ಇದರಾಗ ಬಿಟ್ರ ಸಾಯ್ತಾವರಿ. ನೀರಿನ್ಯಾಗ ಉಸರ ಇಲ್ಲ."

"ನಾಳಿ ಮುಂಜಾನೆತನಕಾ ಬದಕಿದ್ರ ಸಾಕಲೇ."

"ಹಂಗಂತ ಮೀನಿಗೆ ನೀವ ಹೇಳ್ರಿ."

ಬಿಟ್ಟೆವು. ಬಾಯಿ ಮೇಲೆತ್ತಿ ಗಾಳಿ ನುಂಗುತ್ತ ಸುತ್ತಿದವು.

೨೪ ನವೆಂಬರ್, ಮಧ್ಯಾಹ್ನ

ಸತ್ತು ತೇಲಿದ್ದ ಮೀನುಗಳನ್ನು ನಸುಕಿನಲ್ಲೇ ಆರಿಸಿ ಹೂತೆ.

ಸುಲಭಾ ಚುರುಮುರಿ ಚೆಲ್ಲಿದಳು. ನೀರು ಅಲುಗಲಿಲ್ಲ. ಮತ್ತೊಮ್ಮೆ ಚೆಲ್ಲಿದಳು. ಚುರುಮುರಿ ನೆಂದು ದಂಡೆಗೆ ಬಂದು ಅಂಟಿತು.

ಹುಬ್ಬಳ್ಳಿಯ ಬೀಗಿತಿ ಪಕ್ಕದವಳಿಗೆ, "ಹುಡಿಗಿ ಕಾಲಗುಣ ನೋಡ್ರಿ..." ಅಂದಳು. ಎಲ್ಲರಿಗೂ ಕೇಳಿಸಿತು. ವೈನಿ ಅಲ್ಲೇ ಕುಸಿದು ಕುಳಿತರು. ನಾನು ಹಿಂದಿನಿಂದ ಜಾರಿ ಮನೆಗೆ ಬಂದು ಕೋಣೆ ಸೇರಿದೆ.

ಈಗ ಪಡಸಾಲೆಯಲ್ಲಿ ಗುಸುಗುಸು. ಬೀಗರು ಗಾಡಿ ಹೂಡಲು ಹೇಳಿದ್ದಾರೆ. ಸುಲಭಾ ನನ್ನ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

"ಕಾಕಾ, ನಾ ಏನರ ತಪ್ಪ ಮಾಡೇನೇನ್ರಿ?"

"ಇಲ್ಲವ್ವಾ."

"ಹಂಗಾರ ನೀವು ಹೋಗಿ ಹೇಳ್ರಲ್ಲಾ. ನಿಮ್ಮ ಮಾತು ಕೇಳ್ತಾರ."

ಹೇಳಬೇಕು. ಸೆಣಬು ನನ್ನದು, ಹುಡುಗಿಯ ತಪ್ಪಿಲ್ಲ ಅಂತ. ಆಮೇಲೆ ಊರಿನಲ್ಲಿ ಯಾರು ನನ್ನ ಕೈಯ ನೀರು ಮುಟ್ಟುತ್ತಾರೆ? ದೇವರ ಮೀನು ಕೊಂದವ... ಎದ್ದೆ. ಕುಳಿತೆ.

ಎತ್ತಿನ ಗಂಟೆ ಕೇಳುತ್ತಿದೆ. ಇದೊಂದು ಸಾಲು ಬರೆದು ಹೇಳಲು ಹೋಗುತ್ತೇನೆ. ಇದೊಂದು—