ಜೋಡಿಯಿಲ್ಲದ ಚುಕ್ಕೆ

ಫಿಫಿತಾ ಮೇಷ್ಟ್ರಿಗೆ ವಂದನೆಗಳು.

ಉಪ್ಪು ಬಿಡುವ ಮೊದಲು ಒಮ್ಮೆ, ಬಿಟ್ಟು ತಿಂಗಳಾದ ಮೇಲೆ ಒಮ್ಮೆ ಮನೆಯವರ ರಕ್ತದೊತ್ತಡ ಅಳೆಯಲು ಹೇಳಿದ್ದಿರಿ. ಅಪ್ಪನದು ಮೊದಲನೆಯದಷ್ಟೇ ಸಿಕ್ಕಿತು. ತೋಳಿಗೆ ಪಟ್ಟಿ ಕಟ್ಟುವಾಗ, "ನರ್ಸ್ ಆಗೋಕ್ ಮುಂಚೇನೇ ಅಪ್ಪನ ನಾಲಿಗೆ ರುಚಿ ಕಿತ್ಕೊಂಡೆ ಕಣೇ" ಎಂದು ನಕ್ಕಿದ್ದರು. ತಿಂಗಳು ತುಂಬುವ ಮೊದಲೇ ಅವರನ್ನು ಮಣ್ಣು ಮಾಡಿದೆವು.

ಜೋಡಿಯಿಲ್ಲದ ಅಳತೆಯನ್ನು ಕೈಬಿಡಬೇಕೆಂದು ಕಲಿಸಿದ್ದೀರಿ. ಲೆಕ್ಕದಲ್ಲಿ ಬಿಟ್ಟಿದ್ದೇನೆ. ನಕ್ಷೆಯಲ್ಲಿ ಮಾತ್ರ ಅವರ ಚುಕ್ಕೆಯನ್ನು ಅಳಿಸಿಲ್ಲ. ಬೇಕಿದ್ದರೆ ಅಂಕ ಕಳೆಯಿರಿ, ಚುಕ್ಕೆ ಇರಲಿ.

ಅಮ್ಮ ಈಗಲೂ ಅಪ್ಪನ ಪಾಲಿನ ಕೆಸುವಿನ ಗೆಡ್ಡೆಯನ್ನು ಉಪ್ಪಿಲ್ಲದೆ ಬೇರೆಯಾಗಿ ಬೇಯಿಸುತ್ತಾಳೆ. ನಮ್ಮ ಸಂಪ್ರದಾಯದಲ್ಲಿ ಅಪ್ಪನ ತಟ್ಟೆಯದನ್ನು ಮಕ್ಕಳು ತಿನ್ನುವಂತಿಲ್ಲವಲ್ಲ, ಅದು ಹಾಗೇ ತಣ್ಣಗಾಗುತ್ತದೆ.

ಇಂತಿ,
ಸಂಖ್ಯಾಶಾಸ್ತ್ರ ತರಗತಿಯ ಮೆಲೆಯಾನೆ
ನುಕುಅಲೋಫಾ, ಟೋಂಗಾ