ಸರ್ವೆ ನಂಬರಿಲ್ಲದ ಮನೆ

ನಾರ್ಡಾಲ್, ಸಸ್ಕ್ಯಾಚವಾನ್
14 ಮಾರ್ಚ್ 1980

ಪ್ರೀತಿಯ ತಮ್ಮ ಆರ್ವಿಡ್,

ಮಂಡಿನೋವು ಹೇಗಿದೆ? ವಿಕ್ಟೋರಿಯಾದಲ್ಲಿ ಆಗಲೇ ಹೂ ಬಿಟ್ಟಿದೆ ಅಂತ ಬರೆದು ನನ್ನ ಹೊಟ್ಟೆ ಉರಿಸಬೇಡ, ಇಲ್ಲಿ ಇನ್ನೂ ಕಿಟಕಿಯ ಮಟ್ಟಕ್ಕೆ ಹಿಮ ಬಿದ್ದಿದೆ. ನಾನು ಚೆನ್ನಾಗಿದ್ದೇನೆ. ನಾಲಿಗೆಯೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಯಸ್ಸಾಗಿದೆ.

ಊರಿನ ಚರಿತ್ರೆಯ ಪುಸ್ತಕಕ್ಕೆಂದು ನೀನು ಕಳಿಸಿದ ನಮ್ಮ ಮನೆತನದ ಪುಟ ತಲುಪಿತು. ಟೈಪು ಮಾಡುವ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಪ್ರಾಂತ್ಯಕ್ಕೆ ಎಪ್ಪತ್ತೈದು ತುಂಬಿತೆಂದು ಈ ವರ್ಷ ಪ್ರತಿ ಊರೂ ಇಂಥದ್ದೊಂದು ಪುಸ್ತಕ ಮಾಡುತ್ತಿದೆ. ಶಾಲೆ ಮುಚ್ಚಿತು, ರೈಲು ನಿಂತಿತು, ಸಮುದಾಯ ಭವನದಲ್ಲಿ ಕುಣಿಯಲು ಕಾಲು ಗಟ್ಟಿಯಿರುವ ನಾಲ್ಕು ಜನ ಸಿಗುವುದಿಲ್ಲ. ಉಳಿದ ನಾವು ಕಾಫಿ ಕುಡಿಯುತ್ತಾ ಸತ್ತವರ ಫೋಟೋ ಹುಡುಕುತ್ತಿದ್ದೇವೆ. ನಿನ್ನ ಪುಟ ‘ಅಪ್ಪ ಇಲ್ಲಿಗೆ ಬಂದಾಗ ಈ ನೆಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ’ ಎಂದು ಶುರುವಾಗುತ್ತದೆ. ಅಷ್ಟನ್ನು ಟೈಪು ಮಾಡಿ ಕೈ ಕಟ್ಟಿ ಕೂತೆ.

ಅದಕ್ಕೆ ಕಾರಣವಿದೆ. ಕಳೆದ ಮಂಗಳವಾರ ಪುಸ್ತಕ ಸಮಿತಿಯ ಸಭೆಗೆ ರೋಸ್ ಬಂದಿದ್ದಳು. ನಮ್ಮ ಸೂಲಗಿತ್ತಿ ಫಿಲೊಮೆನ್ ಡೆಜಾರ್ಲೇಯ ಮೊಮ್ಮಗಳು, ಈಗ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ತನ್ನ ಅಜ್ಜಿಯ ಬಗ್ಗೆ ಒಂದು ಪುಟ ಬರೆದು ತಂದಿದ್ದಳು. ಸಮಿತಿಯ ಅಧ್ಯಕ್ಷೆ ತೋರಾ ಹಾಗ್ಬರ್ಗ್ ಎಷ್ಟು ನಯವಾಗಿ ಮಾತಾಡಿದಳೆಂದರೆ, ಬೈದಿದ್ದರೇ ವಾಸಿಯಿತ್ತು. ಪುಸ್ತಕ ಸರ್ವೆ ನಂಬರಿನ ಪ್ರಕಾರ ನಡೆಯುತ್ತದಂತೆ, ಯಾರ ಹೊಲವೋ ಅವರಿಗೆ ಪುಟವಂತೆ. ಡೆಜಾರ್ಲೇಯವರು ಇದ್ದದ್ದು ಮುಂದೆ ಎಂದಾದರೂ ರಸ್ತೆ ಬರಲೆಂದು ಹೊಲಗಳ ನಡುವೆ ಬಿಟ್ಟ ಸರ್ಕಾರಿ ನೆಲದ ಪಟ್ಟಿಯಲ್ಲಿ. ಅರ್ಧ ಫ್ರೆಂಚ್, ಅರ್ಧ ಆದಿವಾಸಿ ಮೂಲದ ಮೆಟಿ ಜನಕ್ಕೆ ಆಗ ಬೇರೆಲ್ಲಿ ಜಾಗವಿತ್ತು?

“ನಂಬರೇ ಇಲ್ಲದವಳನ್ನ ಯಾವ ಪುಟಕ್ಕೆ ಹಾಕೋದು, ನೀವೇ ಹೇಳಿ ರಾಗ್ನಕ್ಕ,” ಅಂದಳು ತೋರಾ.

ಈ ತೋರಾಳನ್ನು ಹೊರಗೆ ಎಳೆದದ್ದೇ ಫಿಲೊಮೆನ್, ಅದೂ ಕಾಲು ಮುಂದಾಗಿ ಬರುತ್ತಿದ್ದವಳನ್ನು. ನನ್ನ ಲೈಲಾ ಹುಟ್ಟಿದಾಗಲೂ ಅಷ್ಟೇ. ಹಿಮಗಾಳಿಯಲ್ಲಿ ಎರಡು ಮೈಲಿ ಬೇಲಿ ಹಿಡಿದುಕೊಂಡು ಬಂದಳು, ರೊಟ್ಟಿಹಿಟ್ಟು ನಾದುವ ಬೋಗುಣಿಯಲ್ಲಿ ಮಗುವಿಗೆ ಸ್ನಾನ ಮಾಡಿಸಿದಳು, ಮೂರು ದಿನ ನನಗೆ ಗಂಜಿ ಕಾಸಿ ಕೊಟ್ಟಳು. ಅವಳ ಮಕ್ಕಳನ್ನು ಮಾತ್ರ ನಾವು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಜಮೀನಿಲ್ಲ, ಕಂದಾಯವಿಲ್ಲ, ಹಾಗಾಗಿ ಬೆಂಚೂ ಇಲ್ಲ. ಆ ನಿಯಮ ಮಾಡಿದ ಪಂಚಾಯಿತಿಯಲ್ಲಿ ನಮ್ಮ ಅಪ್ಪನೂ ಕೂತಿದ್ದರು.

ರೋಸ್ ಜಗಳವಾಡಲಿಲ್ಲ. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, “ಅಜ್ಜಿಗೆ ನಿಮ್ಮೆಲ್ಲರ ಹುಟ್ಟಿದ ದಿನ ಬಾಯಿಪಾಠ ಇತ್ತು. ಅವಳು ಸತ್ತ ದಿನ ಇಲ್ಲಿ ಯಾರಿಗಾದ್ರೂ ಗೊತ್ತಾ?” ಎಂದು ಕೇಳಿದಳು. ಅಲ್ಲಿದ್ದ ಹನ್ನೊಂದು ಜನ ಹೆಂಗಸರಿಗೆ ತೋರಾ ಕಾಫಿ ಬಗ್ಗಿಸತೊಡಗಿದಳು. ನನಗೆ ನಾಚಿಕೆಯಾಯಿತು. ರೋಸ್ ಹಿಂದೆಯೇ ಹೋಗಿ ಆ ಹಾಳೆಯನ್ನು ಕೇಳಿ ಇಸಿದುಕೊಂಡೆ. ಕೊಡಲು ಅವಳು ಬಹಳ ಹೊತ್ತು ಯೋಚಿಸಿದಳು.

ಎಲ್ಸಾಗೆ ನನ್ನ ನೆನಪು ಹೇಳು. ಉಪ್ಪು ಕಡಿಮೆ ಮಾಡು. ದೇವರು ನಿನಗೆ ಆಯಸ್ಸು ಕೊಡಲಿ, ಅದರ ಜೊತೆಗೆ ಸ್ವಲ್ಪ ಜ್ಞಾಪಕಶಕ್ತಿಯನ್ನೂ ಕೊಡಲಿ.

ನಿನ್ನ ಅಕ್ಕ,
ರಾಗ್ನ

ಅಂಚೆಯವನು ಬರುವ ಮೊದಲು ಇನ್ನೊಂದು ಮಾತು. 1937ರ ಅಕ್ಟೋಬರಿನಲ್ಲಿ ಡೆಜಾರ್ಲೇಯವರು ಬೇರೆ ಊರಿಗೆ ಆಲೂಗಡ್ಡೆ ಕೀಳಲು ಹೋಗಿದ್ದಾಗ, ನಾನು ಬಟ್ಟೆ ಒಣಹಾಕುತ್ತಿದ್ದೆ. ಅವರ ಮನೆಯ ಕಡೆಯಿಂದ ಹೊಗೆ ಎದ್ದಿತು. ಆಮೇಲೆ ಅಪ್ಪನೂ ನೀನೂ ಗಾಡಿಯಲ್ಲಿ ಬಂದಿರಿ. ನಿನಗಾಗ ಹದಿನೇಳು, ಹುಬ್ಬು ಸುಟ್ಟಿತ್ತು. ಹೊಲದ ಕೂಳೆಗೆ ಬೆಂಕಿ ಹಾಕಿದೆವು ಅಂತ ನೀನಂದೆ. ಆ ವರ್ಷ ಬರ, ಒಂದು ತೆನೆಯೂ ಬೆಳೆದಿರಲಿಲ್ಲ ಆರ್ವಿಡ್, ಕೂಳೆ ಎಲ್ಲಿಂದ ಬಂತು? ನಾನು ಕೇಳಲಿಲ್ಲ. ನಲವತ್ತೆರಡು ವರ್ಷ ಕೇಳಲಿಲ್ಲ. ತೋರಾ ಫೋಟೋ ಮಾತ್ರ ನೋಡುತ್ತಾಳೆ, ಅಕ್ಷರ ಓದುವುದಿಲ್ಲ. ನಮ್ಮ ಪುಟ ನಿನ್ನೆ ಅಚ್ಚಿಗೆ ಹೋಯಿತು. ರೋಸ್ ಬರೆದದ್ದು ಪೂರ್ತಿ ನಮ್ಮ ನಂಬರಿನ ಕೆಳಗಿದೆ, ಅದರ ಕೊನೆಗೆ ಆ ಮನೆಯನ್ನು ಯಾರು ಸುಟ್ಟರು ಎಂದು ನಾನು ಸೇರಿಸಿದ್ದೇನೆ. ಕೆಳಗೆ ನಿನ್ನ ಹೆಸರನ್ನೂ ನನ್ನ ಹೆಸರನ್ನೂ ಹಾಕಿದ್ದೇನೆ. ಪುಸ್ತಕ ಜೂನ್‌ನಲ್ಲಿ ನಿನ್ನ ಮನೆಗೆ ಬರುತ್ತದೆ. ಮೊಮ್ಮಕ್ಕಳಿಗೆ ನೀನೇ ಓದಿ ಹೇಳು.