ನಾವೇ ಸುಟ್ಟ ಗೋಪುರ

ಹಾರ್ಟ್‌ಹೋಪ್ ಗೋಪುರ, ಲಿಡ್ಸ್‌ಡೇಲ್
ಲ್ಯಾಮಸ್ ಸುಗ್ಗಿ ಹಬ್ಬದ ಮರುದಿನ, ಆಗಸ್ಟ್ 1608

ನನ್ನ ಕಣ್ಣೇ, ಹಾಬೀ,

ಹೇಗಿದ್ದೀಯಪ್ಪ? ಆ ಡಚ್ಚರ ನಾಡಿನಲ್ಲಿ ನೆಲವೆಲ್ಲ ನೀರಂತೆ, ಕಾಲಿನ ಹುಣ್ಣು ಮಾಯಿತೇ? ಹೊಟ್ಟೆ ತುಂಬ ಓಟ್ಸ್ ಗಂಜಿಯಾದರೂ ಹಾಕುತ್ತಾರೋ, ಬರೀ ಬಂದೂಕು ಹೊರಿಸುತ್ತಾರೋ? ನಾನು ಗಟ್ಟಿಯಾಗಿದ್ದೇನೆ, ಸಾವಿಗೂ ನನ್ನ ಬಾಯಿ ಕಂಡರೆ ಭಯವಿರಬೇಕು. ನಿನ್ನ ಹೆಂಡತಿ ಮೆಯ್ಸಿ ಮೂಳೆ ಬಿಟ್ಟುಕೊಂಡಿದ್ದಾಳೆ, ಮಗು ಜೋನೆಟ್ ಕೆಮ್ಮುತ್ತಾಳೆ. ಇದನ್ನು ಬರೆಯುತ್ತಿರುವವನು ಊರೂರಿಗೆ ಸೂಜಿ, ರಿಬ್ಬನ್ನು ಮಾರುವ ಸ್ಯಾಂಡಿ. ಕಾಗದವನ್ನು ಹಡಗು ಹತ್ತಿಸುವವನೂ ಅವನೇ. ಹೇಳಿದ್ದರಲ್ಲಿ ಒಂದು ಮಾತು ಬಿಟ್ಟರೂ ಕಿವಿ ಹಿಂಡುತ್ತೇನೆ ಎಂದಿದ್ದೇನೆ. ಅದನ್ನೂ ಬರೆಯುತ್ತಿದ್ದಾನೆ ಪೆದ್ದ.

ನೀನು ಹೇಳಿ ಕಳಿಸಿದ್ದು ನನ್ನೊಬ್ಬಳ ಕಿವಿಗೆ ಮುಟ್ಟಿತು. ಸೈನ್ಯದಿಂದ ತಪ್ಪಿಸಿಕೊಂಡು ಚಳಿಗಾಲದೊಳಗೆ ಬರುತ್ತೇನೆ, ಗೋಪುರ ಸೇರಿ ಕಬ್ಬಿಣದ ಬಾಗಿಲು ಹಾಕಿಕೊಂಡರೆ ರಾಜನ ಅಪ್ಪ ಬಂದರೂ ಹಿಡಿಯಲಾರ ಎಂದೆಯಂತೆ. ಆ ಗೋಪುರದ ಸುದ್ದಿಯನ್ನೇ ಹೇಳಬೇಕು.

ನಿನ್ನ ಮುತ್ತಜ್ಜ ಅದನ್ನು ಕಟ್ಟಿಸುವಾಗ, ಗೋಡೆಯ ಮೇಲೆ ಎತ್ತು ಅಡ್ಡ ನಿಲ್ಲಬೇಕು, ಅಷ್ಟು ದಪ್ಪ ಇರಲಿ ಎಂದಿದ್ದನಂತೆ. ಕೆಳಗೆ ದನಕ್ಕೆ ಕಲ್ಲಿನ ಕಮಾನಿನ ಕೊಟ್ಟಿಗೆ, ಮೇಲೆ ನಾವು. ಇಂಗ್ಲಿಷರು ದಂಡು ಕಟ್ಟಿಕೊಂಡು ಬಂದಾಗಲೆಲ್ಲ ನಮ್ಮವರು ಮಾಡುತ್ತಿದ್ದದ್ದು ಒಂದೇ: ಒಲೆಗೆಂದು ಜೌಗಿನಿಂದ ಕಡಿದು ಒಣಗಿಸಿ ಒಟ್ಟಿದ ಪೀಟ್ ಮಣ್ಣಿನ ಹೆಂಟೆಗಳನ್ನು ನೆಲದಿಂದ ಸೂರಿನವರೆಗೆ ತುಂಬಿ, ಕಿಚ್ಚಿಟ್ಟು, ಜೌಗಿನೊಳಗೆ ಓಡುವುದು. ದಿನಗಟ್ಟಲೆ ಹೊಗೆಯಾಡುವ ಗೋಪುರದೊಳಗೆ ಯಾವ ಗಂಡಸು ಕಾಲಿಡುತ್ತಾನೆ, ಗೋಡೆ ಸಿಡಿಸಲು ಯಾವನು ಮದ್ದಿನ ಪೀಪಾಯಿ ಇಡುತ್ತಾನೆ? ಬೈದುಕೊಂಡು ಹೋಗುತ್ತಿದ್ದರು. ಗೋಡೆ ಹಾಗೇ ಉಳಿಯುತ್ತಿತ್ತು. ಆಮೇಲೆ ಗಡಿಯಾಚೆಯಿಂದ ಅವರದ್ದೇ ಓಕ್ ಮರ ಕದ್ದು ತಂದು ಅಟ್ಟ ಹಾಕಿಕೊಳ್ಳುತ್ತಿದ್ದೆವು. ನೀನು ಹುಟ್ಟಿದ್ದೂ ಅಂಥ ಅಟ್ಟದ ಮೇಲೆಯೇ. "ನಮ್ ಮನೇದು ಒಂದ್ ಹಲಗೇನೂ ದುಡ್ಡ್ ಕೊಟ್ಟ್ ತಂದಿದ್ದಲ್ಲ ಕಣೇ" ಎಂದು ನಿನ್ನಪ್ಪ ಮೀಸೆ ತಿರುವುತ್ತಿದ್ದ.

ಈಗ ನಮ್ಮ ರಾಜ ಲಂಡನ್ನಿಗೆ ಹೋಗಿ ಕೂತು ನಮಗೂ ಇಂಗ್ಲಿಷರಿಗೂ ಒಬ್ಬನೇ ರಾಜನಾಗಿದ್ದಾನೆ. ಗಡಿಯೇ ಇಲ್ಲವಂತೆ. ಗೋಪುರಗಳ ಕಬ್ಬಿಣದ ಬಾಗಿಲು ಕಿತ್ತು ನೇಗಿಲ ಗುಳ ಬಡಿಸಬೇಕೆಂದು ಅಪ್ಪಣೆಯಾಯಿತು. ರಾಜನ ಕುದುರೆ ದಂಡಿನವರು ಕಣಿವೆಯಲ್ಲಿ ಕಂಡದ್ದೇ ತಡ, ನನಗೆ ಬೇರೇನೂ ಹೊಳೆಯಲಿಲ್ಲ. ಮೆಯ್ಸಿ "ಬ್ಯಾಡ ಅತ್ತೆ, ಬಾಗ್ಲು ಕೊಟ್ಬಿಡಾಣ, ಸೂರಾದ್ರೂ ಉಳೀತದೆ" ಎಂದು ಕೈ ಹಿಡಿದಳು. ನಾನೆಲ್ಲಿ ಕೇಳುತ್ತೇನೆ! ಹೆಂಟೆ ತುಂಬಿ, ಕಿಚ್ಚಿಟ್ಟು, ಮಗುವನ್ನು ಎತ್ತಿಕೊಂಡು ಜೌಗಿಗೆ ಓಡಿದೆವು.

ಅವರು ಹೋಗಲೇ ಇಲ್ಲ ಹಾಬೀ. ಹಿಂದೆ ಬಂದವರಿಗೆ ನಮ್ಮವರು ಗುಡ್ಡ ಇಳಿದು ಮೇಲೆ ಬಿದ್ದಾರೆಂಬ ಹೆದರಿಕೆ ಇತ್ತು. ಈಗ ಇಳಿದು ಬರಲು ಯಾರಿದ್ದಾರೆ? ಅರ್ಧ ಜನರನ್ನು ನೇಣಿಗೆ ಹಾಕಿದರು, ಉಳಿದವರನ್ನು ನಿನ್ನ ಜೊತೆ ಹಡಗಿಗೆ ತುಂಬಿ ಡಚ್ಚರ ಯುದ್ಧಕ್ಕೆ ಅಟ್ಟಿದರು. ಹೊಗೆ ಬಾರದ ಕಡೆ ಡೇರೆ ಹಾಕಿ, ನಮ್ಮದೇ ಕುರಿ ಕೊಯ್ದು ತಿಂದು, ಗೋಡೆ ಆರುವವರೆಗೂ ಕೂತರು. ಆಮೇಲೆ ನಿಧಾನವಾಗಿ ಬಾಗಿಲು ಕಿತ್ತರು. ಜೌಗಿನಿಂದ ಎದ್ದು ಬಂದ ನನ್ನನ್ನು ನೋಡಿ ಅವರ ನಾಯಕ ನಕ್ಕ: "ಏನಜ್ಜಿ, ನಾವ್ ಬಾಗ್ಲಿಗ್ ಬಂದ್ರೆ ನೀನ್ ಮನೇನೇ ಸುಟ್ಕೊಂಡ್ಯಲ್ಲ!"

ಈಗ ದನವಿಲ್ಲದ ಕೊಟ್ಟಿಗೆಯಲ್ಲಿ ಮಲಗುತ್ತೇವೆ. ಬಾಗಿಲಿಲ್ಲ, ಕಮಾನಿನ ಮೇಲೆ ಅಟ್ಟವಿಲ್ಲ, ಸೂರಿಲ್ಲ. ಮಳೆ ನೀರು ಕಲ್ಲಿನ ಸಂದಿಯಿಂದ ಮಗುವಿನ ಮೇಲೆ ತೊಟ್ಟಿಕ್ಕುತ್ತದೆ. ಮರ ತರುವ ಗಂಡಸರಿಲ್ಲ. ಎಲ್ಲ ನನ್ನ ಕೈಯಾರೆ ಮಾಡಿದ್ದು. ಹೀಗೇ ಇದ್ದರೆ ಜೋನೆಟ್ ಚಳಿಗಾಲ ದಾಟುವುದಿಲ್ಲ.

ಕಾಲು ಒದ್ದೆ ಮಾಡಿಕೊಳ್ಳಬೇಡ. ದೇವರು ನಿನ್ನ ತಲೆ ಕಾಯಲಿ, ಒಣಗಿದ ಹಾಸಿಗೆ ಕೊಡಲಿ.

ನಿನ್ನನ್ನು ಹೆತ್ತ
ಎಫೀ

ತಾ.ಕ.: ಸ್ಯಾಂಡಿ ಗಂಟು ಕಟ್ಟಿ ನಿಂತಿದ್ದಾನೆ. ಬರಬೇಡ. ನಿನ್ನಂತೆಯೇ ತಪ್ಪಿಸಿಕೊಂಡು ಬಂದ ಪಕ್ಕದ ಕಣಿವೆಯ ಡೇವಿಯನ್ನು ನೇಣಿಗೆ ಹಾಕಿದರು. ನೀನು ಬದುಕಿದ್ದೀಯೆಂದು ತಿಳಿದಿರುವವರೆಗೆ ಮೆಯ್ಸಿ ಈ ಕೊಟ್ಟಿಗೆ ಬಿಟ್ಟು ಕದಲುತ್ತಿರಲಿಲ್ಲ. ಅದಕ್ಕೇ ಪಾದ್ರಿಯ ಮುಂದೆ ಬೈಬಲ್ ಮುಟ್ಟಿ, ನೀನು ಅಲ್ಲಿ ಜ್ವರದಿಂದ ತೀರಿಕೊಂಡೆಯೆಂದು ಹೇಳಿಬಿಟ್ಟೆ. ನೆಲಕ್ಕೆ ಬಿದ್ದು ಅತ್ತಳು. ಈ ಭಾನುವಾರ ಗಿರಣಿಯ ವಾಟ್ ಜೊತೆ ಅವಳ ಮದುವೆ. ಅವನ ಮನೆಗೆ ಸೂರಿದೆ, ಮಗುವನ್ನೂ ಕರೆದುಕೊಳ್ಳುತ್ತಾನೆ. ಸ್ಯಾಂಡಿ ಬಾಯಿ ಬಿಡುವುದಿಲ್ಲ. ಇನ್ನು ಯಾರ ಕೈಲೂ ಏನೂ ಹೇಳಿ ಕಳಿಸಬೇಡ ಮಗನೇ, ನನಗೂ ಬೇಡ. ನೀನು ಸತ್ತವನಾಗಿಯೇ ಇರು.